ಹಸಿರು ಬಳೆಯ ಸದ್ದು

ಕೊನೆಯ ಸೆಮಿಸ್ಟರಿನಲ್ಲಿ ನಾಲ್ಕು ಜನ ಸೇರಿ ಹತ್ತು ನಿಮಿಷದ ಸಿನಿಮಾ ಮಾಡಬೇಕು ಎಂದಾಗ ನಮಗೆ ಕತೆ ಸುಲಭವಾಗಿ ಸಿಕ್ಕಿತು, ಹೆಂಗಸು ಸಿಗಲಿಲ್ಲ. ದೊಡ್ಡಬಳ್ಳಾಪುರದ ನೇಕಾರನೊಬ್ಬ ಸಾಯುತ್ತಾನೆ, ಹೆಂಡತಿ ಅವನ ಮಗ್ಗವನ್ನು ತಾನೇ ನಡೆಸುತ್ತಾಳೆ. ಇಷ್ಟೇ ಕತೆ. ಆದರೆ ನಡುವೆ ಅವಳ ಕುಂಕುಮ ಅಳಿಸಿ ಬಳೆ ಒಡೆಯುವ ದೃಶ್ಯವಿತ್ತು. ನಮ್ಮ ಡೈರೆಕ್ಟರ್, ಅಂದರೆ ಚಿಕ್ಕಪ್ಪನ ಮದುವೆ ಸ್ಟುಡಿಯೋದಿಂದ ಕ್ಯಾಮೆರಾ ತರಬಲ್ಲ ಒಂದೇ ಕಾರಣಕ್ಕೆ ಡೈರೆಕ್ಟರ್ ಆದವನು, ಮೊದಲು ತನ್ನ ತಾಯಿಯನ್ನೇ ಕೇಳಿದ. ಗಂಡ ಗುಂಡುಕಲ್ಲಿನ ಹಾಗೆ ಇರುವಾಗ ಇಂಥ ಮಾತಾಡ್ತೀಯಾ ಎಂದು ಅವರು ಪೊರಕೆ ಎತ್ತಿದರಂತೆ. ಉಳಿದವರ ತಾಯಂದಿರು “ಬಿಡ್ತು ಅನ್ನು” ಎಂದು ಮಾತು ಮುಗಿಸಿದರು.

ನಮ್ಮಮ್ಮನನ್ನು ನಾನು ಕೇಳಲೇ ಇಲ್ಲ. ಪೊರಕೆಯ ಸುದ್ದಿಯನ್ನು ಮನೆಯಲ್ಲಿ ತಮಾಷೆಗೆಂದು ಹೇಳಿದೆ ಅಷ್ಟೇ. ಮುದ್ದೆ ತಿರುವುತ್ತಿದ್ದ ಅಮ್ಮ ತಲೆ ಎತ್ತದೆ, “ನಾನ್ ಮಾಡ್ತೀನಿ ಬಿಡು. ನಂಗೇನ್ ಹೊಸದಾ ಅದು?” ಅಂದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಅಮ್ಮ ದೊಡ್ಡಬಳ್ಳಾಪುರದ ಕಡೆಯ ಮಧುರೆ ಹತ್ತಿರದ ನಮ್ಮೂರಿಂದ ಗಾರ್ಮೆಂಟ್ಸಿಗೆ ಹೋಗಿ ಬಂದು ನನ್ನನ್ನು ಓದಿಸಿದಳು. ಅಂದಿನಿಂದ ಅವಳ ಕೈಯಲ್ಲಿ ಬಳೆಯಾಗಲಿ, ತಲೆಯಲ್ಲಿ ಹೂವಾಗಲಿ ನಾನು ಕಂಡಿಲ್ಲ. ಈಗ ಕಾಲ ಬದಲಾಗಿದೆ, ಹಾಕಿಕೋ ಎಂದು ಜಗಳವಾಡಿದ್ದೂ ಉಂಟು. ಕಾಲ ನಿಮ್ಮ ಕಾಲೇಜಿಗೆ ಬಂದಿರಬಹುದು, ನಮ್ಮ ಬೀದಿಗೆ ಇನ್ನೂ ಬಂದಿಲ್ಲ ಎನ್ನುತ್ತಿದ್ದಳು. ನಮ್ಮ ಕತೆಯ ಮೊದಲರ್ಧದಲ್ಲಿ ಆ ಹೆಂಗಸು ಮುತ್ತೈದೆ ಎಂಬುದು ನನಗೆ ಹೊಳೆದಿರಲಿಲ್ಲ. ಅಮ್ಮನಿಗೆ ಹೊಳೆದಿತ್ತು. ಶೂಟಿಂಗಿನ ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಕನಕಾಂಬರ ಕೊಳ್ಳುವಾಗ ಒಂದು ಮೊಳ ಸಾಕು ಎಂದವಳು, ಹೂವಿನವಳು ದಾರ ಕತ್ತರಿಸುವ ಹೊತ್ತಿಗೆ, “ಎರಡೇ ಕೊಟ್ಬಿಡಮ್ಮ” ಅಂದಳು.

ಮಗ್ಗದ ಮನೆಯವರು ಆ ದಿನ ಮಗ್ಗ ನಿಲ್ಲಿಸಿ ನಮಗೆ ಜಾಗ ಕೊಟ್ಟಿದ್ದರು. ಅಮ್ಮ ಕುಂಕುಮವಿಟ್ಟು, ಹೂ ಮುಡಿದು, ಎರಡು ಕೈಗೂ ಹಸಿರು ಗಾಜಿನ ಬಳೆ ತೊಟ್ಟು ಒಳಗಿಂದ ಬಂದಳು. ಅಂಟಿಸಿದ ಮೀಸೆಯ ನಮ್ಮ ಎಡಿಟರೇ ಗಂಡ. ಅವನಿಗೆ ಊಟ ಬಡಿಸುವ ದೃಶ್ಯ. ಕ್ಯಾಮೆರಾದ ಮೈಕು ಕೆಟ್ಟಿದ್ದರಿಂದ ನನ್ನ ಫೋನಿನಲ್ಲಿ ಬೇರೆಯಾಗಿ ಸದ್ದು ಹಿಡಿಯುವುದು ನನ್ನ ಕೆಲಸ. ಅಮ್ಮ ಸೌಟು ಎತ್ತಿದಾಗಲೆಲ್ಲ ಬಳೆ ಗಲಗಲ ಎಂದು ಮಾತೇ ಕೇಳಿಸದಾಯಿತು. ಕೈ ಹೆಚ್ಚು ಆಡಿಸಬೇಡ ಎಂದು ರೇಗಿದೆ. ಅಮ್ಮ ನಕ್ಕು, “ಬಳೆ ಇರೋದೇ ಸದ್ದು ಮಾಡಕ್ಕಲ್ವೇನೇ” ಅಂದಳು.

ಹೊರಡುವಾಗ ಆ ಮನೆಯ ಯಜಮಾನಿ ಅರಿಶಿನ ಕುಂಕುಮದ ತಟ್ಟೆ ತಂದರು. ಅವರಿಗೆ ನಮ್ಮ ವಿಷಯ ಗೊತ್ತಿರಲಿಲ್ಲ. ಅಮ್ಮ ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ಸುಮ್ಮನೆ ಹಣೆ ಒಡ್ಡಿದಳು. ಬೀದಿಗೆ ಬಂದ ಮೇಲೆ ಕೊಳಾಯಿಯ ಹತ್ತಿರ ಮುಖ ತೊಳೆದು, ಹೂವನ್ನೂ ಬಳೆಯನ್ನೂ ಕವರಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ನಮ್ಮೂರಿನವರು ಇರುತ್ತಾರಲ್ಲ.

ಮುಂದಿನ ಭಾನುವಾರ ಇನ್ನೊಂದು ದೃಶ್ಯ. ಅಮ್ಮ ಎಡಗೈಯನ್ನು ಮಗ್ಗದ ಮರಕ್ಕೆ ಬಡಿದಳು, ಬಲಗೈಯನ್ನು ಬಡಿದಳು, ಸೆರಗಿನಿಂದ ಹಣೆ ಒರೆಸಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಡೈರೆಕ್ಟರ್, ಫೋಕಸ್ ಸ್ವಲ್ಪ ಹೋಯ್ತು, ಇನ್ನೊಂದು ಟೇಕ್ ಆಂಟಿ ಎಂದ. ಅಮ್ಮ ನೆಲದ ಗಾಜು ಆಯುತ್ತಾ, “ಇನ್ನೊಂದು ಸಲ ಆಗಲ್ಲ ಕಣಪ್ಪ” ಅಂದಳು.

ಕೂಡಿಸಿ ನೋಡಿದರೆ ಸಿನಿಮಾ ಹತ್ತು ನಿಮಿಷ ದಾಟಿತು. ಕತೆ ಶುರುವಾಗುವುದೇ ಸಾವಿನಿಂದ, ಮೊದಲಿನದೆಲ್ಲ ತೆಗೆಯಿರಿ ಎಂದರು ಮೇಷ್ಟ್ರು. ಮೂವರೂ ತಲೆಯಾಡಿಸಿದರು. ನಾನು ಕೂಗಾಡಿದೆ, ಬಾಗಿಲು ದಡಾರನೆ ಹಾಕಿಕೊಂಡು ಹೋದೆ. ಎರಡು ದಿನ ಬಿಟ್ಟು, ಆ ದೃಶ್ಯವನ್ನು ನನಗಾದರೂ ಕೊಡಿ ಎಂದು ಕೇಳಿದರೆ, ಎಡಿಟರ್ ಅದನ್ನು ಕಂಪ್ಯೂಟರಿನಿಂದ ಅಳಿಸಿದ್ದ, ಕ್ಯಾಮೆರಾದ ಕಾರ್ಡನ್ನು ಡೈರೆಕ್ಟರನ ಚಿಕ್ಕಪ್ಪ ಯಾರದೋ ಮದುವೆಗೆಂದು ಖಾಲಿ ಮಾಡಿಬಿಟ್ಟಿದ್ದರು. ಸಿನಿಮಾದಲ್ಲಿ ಎಲ್ಲವನ್ನೂ ಸೇರಿಸಲು ಆಗದು, ಕತೆಗೆ ಬೇಡದ್ದನ್ನು ಬಿಡಬೇಕು ಎಂದು ಮೇಷ್ಟ್ರು ಕಲಿಸಿದ್ದು ಸುಳ್ಳಲ್ಲ. ಆದರೆ ಕತೆಗೆ ಬೇಡವಾದದ್ದು ಯಾರಿಗೆ ಬೇಕಿತ್ತು ಎಂದು ಕೇಳುವ ಪಾಠ ನಮ್ಮ ಸಿಲಬಸ್ಸಿನಲ್ಲಿರಲಿಲ್ಲ.

ಅಮ್ಮನಿಗೆ ನಾನು ಇದನ್ನು ಹೇಳಲಿಲ್ಲ. ಸಿನಿಮಾ ತೋರಿಸುವ ದಿನ ಅವಳು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಕಾಲೇಜಿಗೆ ಬಂದಳು. ತೆರೆಯ ಮೇಲೆ ಹೆಣ ಬಂತು, ಬಳೆ ಒಡೆಯಿತು, ಬರಿ ಹಣೆಯ ಅಮ್ಮ ಮಗ್ಗದ ಮುಂದೆ ಕೂತಳು, ಮುಗಿಯಿತು. ಎಷ್ಟು ಚೆನ್ನಾಗಿ ಅತ್ತಿರಿ ಎಂದು ಎಲ್ಲರೂ ಬಂದು ಹೊಗಳಿದರು. ಅಮ್ಮ ಕೈ ಮುಗಿದಳು.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು: “ಹೂ ಮುಡ್ಕೊಂಡಿದ್ದು ಬರ್ಲೇ ಇಲ್ವಲ್ಲ?”

ತೆಗೆದುಹಾಕಿದರು, ಈಗ ಎಲ್ಲೂ ಉಳಿದಿಲ್ಲ ಎಂದು ಹೇಳಿದೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹೂ ಮುಡ್ದ್ರೆ ಹೆಂಗ್ ಕಾಣ್ತೀನಿ ಅಂತ ನೋಡಾಣಾಂತಾನೇ ರಜಾ ಹಾಕ್ದೆ” ಅಂದಳು.

ಆಗ ನೆನಪಾಯಿತು, ಸದ್ದು ಇನ್ನೂ ನನ್ನ ಫೋನಿನಲ್ಲಿತ್ತು. ಇಯರ್‌ಫೋನಿನ ಒಂದು ಕಡೆ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಇಟ್ಟೆ. ತಟ್ಟೆಯ ಸದ್ದು, ಸೌಟಿನ ಸದ್ದು, ಆಮೇಲೆ ಬಳೆ. ನಾನು ರೇಗಿದ್ದು, ಅವಳು ನಕ್ಕಿದ್ದು. ಅಮ್ಮ ಬರಿಗೈಯನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಮುಗಿದಾಗ, “ಇನ್ನೊಂದ್ಸಲ ಹಾಕು” ಅಂದಳು. ಹಾಕಿದೆ. ಮತ್ತೆ ಹಾಕಿದೆ. ನಮ್ಮೂರು ಹತ್ತಿರವಾದಾಗ ತಾನೇ ಅದನ್ನು ಕಿವಿಯಿಂದ ತೆಗೆದು ನನ್ನ ಕೈಗೆ ಕೊಟ್ಟಳು.