ಪುರಾವೆ ಮೇಷ್ಟ್ರ ಪಿತ್ತಕೋಶ

ನನ್ನ ಅಕ್ಕನ ಗಂಡ ಡಾಕ್ಟರುಗಳಿಗೆ ಪಾಠ ಹೇಳುವ ಡಾಕ್ಟರು. ಡಾಕ್ಟರಾದ ಮೇಲೂ ಸಮಾಧಾನವಾಗದೆ ಸರ್ಜರಿ, ಮೆಡಿಸಿನ್ ಎಂದು ಮತ್ತೆ ಓದಲು ಬರುವವರಿದ್ದಾರಲ್ಲ, ಅವರಿಗೆ ವಾರಕ್ಕೊಂದು ಮಧ್ಯಾಹ್ನ ಊಟವಾದ ಮೇಲೆ ತರಗತಿ ತೆಗೆದುಕೊಳ್ಳುತ್ತಾರೆ. ಅವರ ವಿಷಯವನ್ನೆಲ್ಲ ಹಿಂಡಿದರೆ ಉಳಿಯುವುದು ಒಂದೇ ಪ್ರಶ್ನೆ: “ಇದಕ್ಕೆ ಪುರಾವೆ ಏನು?” ಮಾತ್ರೆ ಕೊಟ್ಟೆ ಎಂದರೂ ಅದೇ ಪ್ರಶ್ನೆ, ಕೊಡಲಿಲ್ಲ ಎಂದರೂ ಅದೇ. ಆಸ್ಪತ್ರೆಯಲ್ಲಿ ಅವರಿಗೆ ಪುರಾವೆ ಮೇಷ್ಟ್ರು ಎಂದೇ ಹೆಸರು. ನಾನು ಭಾವ ಎನ್ನುತ್ತೇನೆ. ಅಕ್ಕ “ರೀ” ಎನ್ನುತ್ತಾಳೆ. ಆ ಒಂದು ಅಕ್ಷರಕ್ಕೆ ಭಾವ ಈವರೆಗೆ ಪುರಾವೆ ಕೇಳಿದ್ದಿಲ್ಲ.

ತರಗತಿ ನಡೆಯುವ ಕೋಣೆ ಶವಾಗಾರದ ಮೇಲಿನ ಮಹಡಿಯಲ್ಲಿದೆ. ತಂಪಾಗಿರುತ್ತದೆ. ರಾತ್ರಿಪಾಳಿ ಮುಗಿಸಿ ಬಂದವರು ಹಿಂದಿನ ಬೆಂಚುಗಳಲ್ಲಿ ಮಲಗುತ್ತಾರೆ, ಪಾಳಿ ಇಲ್ಲದಿದ್ದವರು ಮುಂದಿನ ಬೆಂಚುಗಳಲ್ಲಿ. ಭಾವನಿಗೆ ಇದರಿಂದ ಬೇಸರವಿಲ್ಲ. ಎಚ್ಚರವಾಗಿದ್ದವರೇ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಮಗೆ ಇನ್ನೂ ಗಟ್ಟಿ ಪುರಾವೆ ಸಿಕ್ಕಿಲ್ಲ ಎನ್ನುತ್ತಾರೆ.

ಕಪ್ಪುಹಲಗೆಯ ಮೇಲೆ ಸದಾ ಒಂದು ಏಣಿಯ ಚಿತ್ರವಿರುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಅತ್ಯಂತ ನಂಬಬಹುದಾದ ಪುರಾವೆ. ಇಳಿಯುತ್ತ ಬಂದಂತೆ ನಂಬಿಕೆಯೂ ಇಳಿಯುತ್ತದೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಪಕ್ಕ ಭಾವ ದಪ್ಪ ಅಕ್ಷರದಲ್ಲಿ ಬರೆಯುವುದು: “ದೊಡ್ಡವರು ಹೇಳಿದ್ದಾರೆ.” ಸರ್ಜರಿ ವಿಭಾಗದ ಮುಖ್ಯಸ್ಥರನ್ನು ಇಡೀ ಆಸ್ಪತ್ರೆ ಕರೆಯುವುದೇ ದೊಡ್ಡ ಡಾಕ್ಟರು ಎಂದು. ಏಣಿಯ ಸುದ್ದಿ ಅವರ ಕಿವಿಗೆ ಬಿತ್ತು. ತಮ್ಮನ್ನು ಕಾಲ ಕೆಳಗಿನ ಮೆಟ್ಟಿಲು ಮಾಡಿದ್ದಾರೆಂದು ಅವರು ಆ ದಿನದಿಂದ ಭಾವನ ನಮಸ್ಕಾರಕ್ಕೆ ಬರೀ ಹುಬ್ಬು ಎತ್ತುತ್ತಿದ್ದರು.

ದೊಡ್ಡ ಡಾಕ್ಟರ ಕೈಗುಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕಲ್ಲು ತುಂಬಿದ ಪಿತ್ತಕೋಶವನ್ನು ಅವರು ಹೂ ಬಿಡಿಸಿದ ಹಾಗೆ ಬಿಡಿಸಿ ತೆಗೆಯುತ್ತಾರೆ. ಆದರೆ ತೆಗೆದ ಮೇಲೆ ಪ್ರತಿ ರೋಗಿಯ ಹೊಟ್ಟೆಯಲ್ಲೂ ಒಂದು ಪೈಪು ಬಿಡುತ್ತಾರೆ. ಒಳಗೇನಾದರೂ ಸೋರಿದರೆ ಹೊರಗೆ ಬರಲಿ ಎಂದು. ರೋಗಿ ಆ ಪೈಪಿನ ತುದಿಯ ಚೀಲ ಹಿಡಿದುಕೊಂಡು ಕಾರಿಡಾರಿನಲ್ಲಿ ಓಡಾಡುತ್ತಿರುತ್ತಾನೆ. ಬೇರೆ ಕಡೆ ನಡೆದ ಅಧ್ಯಯನಗಳು ಬಹುಪಾಲು ಜನಕ್ಕೆ ಇದು ಬೇಕಿಲ್ಲ ಎನ್ನುತ್ತವೆ ಎಂದು ಭಾವ ಒಮ್ಮೆ ಹೇಳಿ ನೋಡಿದರು.

“ಅವರ ರೋಗಿಗಳು ಬೇರೆ, ನನ್ನ ರೋಗಿಗಳು ಬೇರೆ,” ಎಂದರು ದೊಡ್ಡ ಡಾಕ್ಟರು. “ನಮ್ಮ ಗುರುಗಳು ಇಡ್ತಿದ್ರು, ನಾನೂ ಇಡ್ತೀನಿ.”

“ನಿಮ್ಮ ಗುರುಗಳು ಯಾಕೆ ಇಡ್ತಿದ್ರು ಸರ್?”

“ಕೇಳೋ ಧೈರ್ಯ ಯಾರಿಗಿತ್ತು ರೀ!”

ಈ ಪೈಪಿಗೆ ಕೈಹಾಕಿದವಳು ಸರ್ಜರಿ ಕಲಿಯುತ್ತಿದ್ದ ಒಬ್ಬ ಹುಡುಗಿ. ಜೊತೆಯವರು ಅವಳಿಗೆ ಪಿಸುಮಾತು ಎಂದು ಹೆಸರಿಟ್ಟಿದ್ದರು. ಅವಳು ರೋಗಿಗೆ “ಉಸಿರು ಎಳ್ಕೊಳ್ಳಿ” ಎಂದರೆ ಅವನು “ಏನಂದ್ರಿ?” ಎನ್ನುವಷ್ಟು ಮೆತ್ತಗಿನ ದನಿ. ವಾರ್ಡಿನ ಯಾವುದಾದರೂ ಒಂದು ರೂಢಿಯನ್ನು ಹಿಡಿದು ಪ್ರಶ್ನೆ ಕೇಳಿ ಎಂದು ಭಾವ ತರಗತಿಗೆ ಹೇಳಿದಾಗ ಅವಳು ಪೈಪು ಹಿಡಿದಳು. ಅದನ್ನೇ ತನ್ನ ಪ್ರಬಂಧ ಮಾಡಿಕೊಂಡಳು. ಪ್ರಬಂಧ ಒಪ್ಪಿತವಾಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅದಕ್ಕೆ ಸಹಿ ಹಾಕಬೇಕಾದವರು ದೊಡ್ಡ ಡಾಕ್ಟರೇ.

ದೊಡ್ಡ ಡಾಕ್ಟರು ಸಂತೋಷದಿಂದ ಒಪ್ಪಿದರು. “ಮಾಡಮ್ಮ, ಮಾಡು. ಪೈಪು ಬೇಕೇ ಬೇಕು ಅಂತ ಮೇಷ್ಟ್ರಿಗೂ ಗೊತ್ತಾಗಲಿ.”

ಏರ್ಪಾಡು ಸರಳವಾಗಿತ್ತು. ಒಪ್ಪಿಕೊಂಡ ರೋಗಿಗಳಲ್ಲಿ ಯಾರಿಗೆ ಪೈಪು, ಯಾರಿಗೆ ಇಲ್ಲ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವುದು. ಅಂಕಿ ಬಿದ್ದರೆ ಪೈಪು, ಚಿತ್ರ ಬಿದ್ದರೆ ಇಲ್ಲ. ಆಯ್ಕೆ ಡಾಕ್ಟರ ಕೈಯಲ್ಲಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದು ಕಡೆ, ನರಳುವವರೆಲ್ಲ ಇನ್ನೊಂದು ಕಡೆ ಸೇರಿ ಲೆಕ್ಕ ಕೆಡುತ್ತದೆ. ನಾಣ್ಯಕ್ಕೆ ದಾಕ್ಷಿಣ್ಯವಿಲ್ಲ ಎಂದು ಭಾವ ಪಾಠದಲ್ಲಿ ಹೇಳುತ್ತಿದ್ದರು.

ನಾಣ್ಯಕ್ಕಿರಲಿಲ್ಲ, ಚಿಮ್ಮುವವಳಿಗಿತ್ತು. ಸ್ವಲ್ಪ ದಿನಕ್ಕೆ ಪಿಸುಮಾತು ಭಾವನ ಕೋಣೆಗೆ ಬಂದು ನಿಂತಳು.

“ಸರ್, ಚಿತ್ರ ಬಿದ್ದರೆ ದೊಡ್ಡ ಸರ್ ‘ಅದು ಸರಿಯಾಗಿ ತಿರುಗಲಿಲ್ಲ, ಇನ್ನೊಂದು ಸಲ’ ಅಂತಾರೆ.”

“ನೀನೇನು ಮಾಡ್ತೀಯಾ?”

“ಇನ್ನೊಂದು ಸಲ ಚಿಮ್ಮುತ್ತೀನಿ ಸರ್.”

“ಆಗಲೂ ಚಿತ್ರ ಬಿದ್ದರೆ?”

“ಟೇಬಲ್ ಕೆಳಗೆ ಉರುಳಿತು ಅಂತಾರೆ. ಉರುಳಿರಲ್ಲ ಸರ್.”

ಪ್ರಬಂಧ ಹೀಗೇ ಮುಂದುವರಿದರೆ ಸುಳ್ಳಾಗುತ್ತದೆ, ಮತ್ತೆ ಚಿಮ್ಮುವುದಿಲ್ಲ ಎಂದರೆ ದೊಡ್ಡ ಡಾಕ್ಟರ ಸಹಿ ಸಿಗುವುದಿಲ್ಲ. ಭಾವ ಆದದ್ದನ್ನು ಆದ ಹಾಗೆಯೇ ಬರೆದಿಡು ಎಂದರು. ಆಮೇಲೆ ಯೋಚಿಸಿ, ಹಾವೂ ಸಾಯದ ಕೋಲೂ ಮುರಿಯದ ಒಂದು ನಿಯಮ ತಂದರು. ಅಲ್ಲಿಯವರೆಗೆ ರೋಗಿಗೆ ಪ್ರಜ್ಞೆ ತಪ್ಪಿಸಿದ ಮೇಲೆ ನಾಣ್ಯ ಚಿಮ್ಮುತ್ತಿದ್ದರು. ಇನ್ನು ಮುಂದೆ ಎಚ್ಚರವಿರುವ ರೋಗಿಯ ಕಣ್ಣೆದುರಿಗೇ ಚಿಮ್ಮಬೇಕು. ರೋಗಿಯೇ ಸಾಕ್ಷಿ. ಎಂಥ ದೊಡ್ಡ ಡಾಕ್ಟರಾದರೂ ಮಲಗಿರುವ ರೋಗಿಯ ಮುಖ ನೋಡಿಕೊಂಡು ನಾಣ್ಯ ಉರುಳಿತು ಎನ್ನಲಾರರು. ಈ ನಿಯಮದ ಬಗ್ಗೆ ಭಾವನಿಗೆ ಎಷ್ಟು ಹೆಮ್ಮೆಯೆಂದರೆ ಊಟದ ಹೊತ್ತಿಗೆ ನನಗೂ ಅಕ್ಕನಿಗೂ ಚಮಚ ಚಿಮ್ಮಿ ತೋರಿಸಿದರು.

ಚಮಚ ಕೆಳಗೆ ಬೀಳುವ ಮೊದಲೇ ಅವರು ಹೊಟ್ಟೆ ಹಿಡಿದುಕೊಂಡರು.

“ಗ್ಯಾಸು,” ಎಂದರು.

“ಅದಕ್ಕೆ ಪುರಾವೆ ಏನು?” ಎಂದಳು ಅಕ್ಕ. “ಊರಿಗೆಲ್ಲ ಕೇಳ್ತೀರಲ್ಲ. ತಿಂಗಳುಗಟ್ಟಲೆಯಿಂದ ಗ್ಯಾಸು ಗ್ಯಾಸು ಅಂತ ಮಗ್ಗುಲು ಬದಲಾಯಿಸ್ತಿದ್ದೀರಿ. ನಡೀರಿ ಸ್ಕ್ಯಾನಿಗೆ.”

“ಅಲ್ವೇ, ಒಂದು ವಾರ ನೋಡೋಣ...”

“ರೀ.”

ಸ್ಕ್ಯಾನಿನಲ್ಲಿ ಪಿತ್ತಕೋಶದ ತುಂಬ ಕಲ್ಲು ಕಂಡವು. ದೊಡ್ಡ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಮೇಷ್ಟ್ರೇ, ತೆಗೀಬೇಕು. ನನ್ನ ಮಾತು ಸಾಕೋ, ಏಣಿ ತರಿಸಲೋ?” ಎಂದರು. ಭಾವ ಸಾಕು ಎಂದರು. ಅಧ್ಯಯನಕ್ಕೂ ಒಪ್ಪಿ ಸಹಿ ಹಾಕಿದರು. ಹಾಕದಿದ್ದರೆ ಇಷ್ಟು ವರ್ಷ ಹೇಳಿದ ಪಾಠಕ್ಕೆ ಏನು ಮರ್ಯಾದೆ?

ಮುಂದೆ ನಡೆದದ್ದನ್ನು ನನಗೆ ದೊಡ್ಡ ಡಾಕ್ಟರೂ ಹೇಳಿದ್ದಾರೆ, ಪಿಸುಮಾತೂ ಹೇಳಿದ್ದಾಳೆ, ಭಾವನೂ ಹೇಳಿದ್ದಾರೆ. ಮೂವರದೂ ತಾಳೆಯಾಗುತ್ತದೆ, ಭಾವನದು ಮಾತ್ರ ಚಿಕ್ಕದು.

ಆಪರೇಷನ್ ಕೋಣೆಯ ಹೊರಗೆ, ಸ್ಟ್ರೆಚರಿನ ಮೇಲೆ, ಹಿಂದೆ ದಾರ ಕಟ್ಟುವ ಹಸಿರು ಅಂಗಿಯಲ್ಲಿ ಭಾವ ಮಲಗಿದ್ದರು. ಕನ್ನಡಕ ತೆಗೆಸಿದ್ದರು. ಪಿಸುಮಾತು ಪಕ್ಕಕ್ಕೆ ಬಂದು, ರೋಗಿಗೆ ಕಾಣುವಂತೆ ಬಾಗಿ, ನಾಣ್ಯ ಚಿಮ್ಮಿ ಅಂಗೈಯಲ್ಲಿ ಹಿಡಿದಳು.

“ಚಿತ್ರ ಸರ್. ಪೈಪಿಲ್ಲ.”

ದೊಡ್ಡ ಡಾಕ್ಟರಿಗೆ ತಾವೇ ಹೇಳಿ ನೋಡಿದ್ದೂ ಅದನ್ನೇ: ಪೈಪು ಬೇಕಿಲ್ಲ. ಭಾವ ಚಾವಣಿ ನೋಡಿದರು.

“ಒಂದು... ಚಿಕ್ಕದು ಇದ್ದರೆ?” ಎಂದರು. “ಇದ್ದರೆ ನಷ್ಟ ಏನು? ಒಳಗೆ ಸೋರಿದರೆ ಯಾವುದಕ್ಕೂ ಒಂದು ಇರಲಿ ಅಂತ.”

“ನಾನು ಇಷ್ಟು ವರ್ಷದಿಂದ ಬೇರೆ ಏನು ಹೇಳ್ತಿದ್ದೆ ರೀ?” ಎಂದು ದೊಡ್ಡ ಡಾಕ್ಟರು ಮುಖಗವುಸನ್ನು ಗದ್ದಕ್ಕೆ ಇಳಿಸಿದರು. ಅವರ ಮುಖದಲ್ಲಿ ಅಷ್ಟು ಪ್ರೀತಿಯನ್ನು ಆಸ್ಪತ್ರೆ ಎಂದೂ ಕಂಡಿರಲಿಲ್ಲವಂತೆ. “ಅದು ಸರಿಯಾಗಿ ತಿರುಗಲಿಲ್ಲ ಕಣಮ್ಮ. ಇನ್ನೊಂದು ಸಲ ಚಿಮ್ಮು.”

“ಹೌದು,” ಎಂದರು ಭಾವ. “ನನಗೂ ಹಾಗೇ ಅನ್ನಿಸ್ತು. ಕನ್ನಡಕ ಬೇರೆ ಇರಲಿಲ್ಲ.”

ಆ ಇಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಪಿಸುಮಾತು ಒಮ್ಮೆ ಪ್ರಬಂಧಕ್ಕೆ ಸಹಿ ಹಾಕಬೇಕಾದವರನ್ನು ನೋಡಿದಳು, ಒಮ್ಮೆ ಪಾಠ ಹೇಳಿದವರನ್ನು ನೋಡಿದಳು. ನಾಣ್ಯವನ್ನು ಜೇಬಿಗೆ ಹಾಕಿಕೊಂಡಳು.

“ಇಲ್ಲ ಸರ್,” ಎಂದಳು. ಕಾರಿಡಾರಿನ ಕೊನೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಅಕ್ಕನಿಗೂ ಕೇಳಿಸಿತಂತೆ. “ಎರಡನೇ ಸಲ ಚಿಮ್ಮೋಕಾಗಲ್ಲ. ಬೇಡ ಅನ್ನಿಸಿದರೆ ನೀವು ಅಧ್ಯಯನದಿಂದಲೇ ಹೊರಗೆ ಬರಬಹುದು, ಅದು ರೋಗಿಯ ಹಕ್ಕು. ನೀವೇ ಕಲಿಸಿದ್ದು. ಯಾರೂ ಏನೂ ಅನ್ನಲ್ಲ. ಬರ್ತೀರಾ?”

ದೊಡ್ಡ ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬೆಂಚಿನ ಕಡೆಯಿಂದ ಒಂದು ಅಕ್ಷರ ಕೇಳಿಸಿತು.

“ರೀ.”

“ಇಲ್ಲಮ್ಮ, ಇರ್ತೀನಿ,” ಎಂದರು ಭಾವ. ಅದನ್ನು ಅವರು ಯಾರಿಗೆ ಹೇಳಿದರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಪೈಪಿಲ್ಲದೆ ಹೊಲಿದರು. ಭಾವ ಚೆನ್ನಾಗಿಯೇ ಮನೆಗೆ ಬಂದರು. “ನೋಡಿದ್ರಾ, ಪೈಪು ಬೇಕಾಗಲಿಲ್ಲ,” ಎಂದು ನಾನು ಹೇಳಿದ್ದಕ್ಕೆ, ಒಬ್ಬ ರೋಗಿಗೆ ವಾಸಿಯಾದದ್ದು ಪುರಾವೆಯಲ್ಲ ಎಂದು ಗದರಿದರು. ನಗಲು ಹೋಗಿ ಹೊಲಿಗೆ ಹಿಡಿದುಕೊಂಡರು.

ಮುಂದಿನ ರೋಗಿಗೂ ಚಿತ್ರವೇ ಬಿತ್ತಂತೆ. ದೊಡ್ಡ ಡಾಕ್ಟರು ಕೈ ಎತ್ತಿದರು, ಹುಡುಗಿಯ ಮುಖ ನೋಡಿದರು, ಎತ್ತಿದ ಕೈಯಿಂದ ಟೋಪಿ ಸರಿಮಾಡಿಕೊಂಡರು. “ತನ್ನ ಮೇಷ್ಟ್ರನ್ನೇ ಬಿಡಲಿಲ್ಲ, ನನ್ನನ್ನ ಬಿಡ್ತಾಳಾ?” ಎಂದು ನರ್ಸಮ್ಮನಿಗೆ ಹೇಳಿದರಂತೆ. ಪ್ರಬಂಧಕ್ಕೂ ಕೊನೆಗೆ ಸಹಿ ಬಿತ್ತು, ಮೊದಲ ತಿಂಗಳ ಉರುಳದ ನಾಣ್ಯಗಳ ವಿವರದ ಪುಟವೂ ಸೇರಿ. ಆ ಪುಟ ಓದುವಾಗ ಮಾತ್ರ ಅವರಿಗೆ ಪೆನ್ನು ಸಿಗುವುದು ಸ್ವಲ್ಪ ತಡವಾಯಿತು.

ಈಗ ಭಾವ ತರಗತಿಯಲ್ಲಿ ಹೊಸ ಉದಾಹರಣೆಯೊಂದನ್ನು ಸೇರಿಸಿದ್ದಾರೆ. “ಒಬ್ಬ ರೋಗಿ ಇದ್ದ, ಸಾಕಷ್ಟು ಓದಿದವನು, ನಾಣ್ಯ ತನ್ನ ಹೆಸರಿಗೆ ಬಿದ್ದ ತಕ್ಷಣ ಓದಿದ್ದೆಲ್ಲ ಮರೆತ,” ಎಂದು ಶುರುಮಾಡುತ್ತಾರೆ. ಆ ಒಂದು ಮಧ್ಯಾಹ್ನ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ. ಎಲ್ಲರೂ ಭಾವನ ಅಂಗಿಯ ಮೂರನೇ ಗುಂಡಿಯ ಹತ್ತಿರ, ಹೊಲಿಗೆಯ ಗುರುತಿರುವ ಕಡೆಗೆ, ದೃಷ್ಟಿ ನೆಟ್ಟು, ಬಹಳ ಶ್ರದ್ಧೆಯಿಂದ ಕೇಳುತ್ತಾರೆ.