ದಮಯಂತಿ ಹೇಳದೆ ಹೋದ ದಿನ

ಗಲ್ಫಿನ ಅಲ್ ಗುಬ್ರಾದಲ್ಲಿ, ನೋಡಿಕೊಳ್ಳುವವರಿಲ್ಲದ ಮಕ್ಕಳ ಮನೆಯೊಂದರಲ್ಲಿ ನಾನು, ದೇಜಪ್ಪ, ವ್ಯಾನ್ ಡ್ರೈವರ್ ಆಗಿದ್ದೆ. ಕೈಯಿಂದ ಕೈಗೆ ದಾಟಿ ದಾಟಿ ಯಾರನ್ನೂ ನಂಬದಂತಾದ ಎಂಟು ಮಕ್ಕಳು ಅಲ್ಲಿದ್ದರು. ಅವರ ಜೊತೆಗೇ ವಾಸವಿದ್ದು ಅವರನ್ನು ಮತ್ತೆ ಮನುಷ್ಯರಿಗೆ ಹೊಂದಿಸುವುದು ಮೂಲ್ಕಿಯ ದಮಯಂತಿಯ ಕೆಲಸ. 1989ರಲ್ಲಿ ಸೇರಿದವಳು. ಅವಳ ತಾಳ್ಮೆ ನನ್ನಂಥ ಮುಂಗೋಪಿಗೆ ಅರ್ಥವಾಗುವಂಥದ್ದಲ್ಲ.

ಅಮೀನತ್ ಬಂದಾಗ ಅವಳಿಗೆ ಐದು ವರ್ಷ. ತಾಯಿ ಸತ್ತಿದ್ದಳು, ತಂದೆ ಊರಿಗೆ ಹೋಗಿ ಮರುಮದುವೆಯಾಗಿದ್ದ. ಸಹಮ್ ಎಂಬ ಪಟ್ಟಣದಲ್ಲಿ ಎರಡು ವರ್ಷಕ್ಕೆ ನಾಲ್ಕು ನೆಂಟರ ಮನೆ ಕಂಡವಳು. ಗ್ಯಾಸ್ ತಂದವನ ತೊಡೆಯನ್ನೂ ಹತ್ತಿ ಕೂರುವಳು. ಬಿದ್ದು ರಕ್ತ ಬಂದರೆ ಮಾತ್ರ ಯಾರ ಬಳಿಯೂ ಬರುತ್ತಿರಲಿಲ್ಲ. ದಮಯಂತಿ ದಿನವೂ ನಾಲ್ಕು ಗಂಟೆಗೆ ಅಂಗಳದ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಕರೆಯುತ್ತಿರಲಿಲ್ಲ. ಹನ್ನೊಂದನೆಯ ತಿಂಗಳು ಮಗು ಮಂಡಿ ತರಚಿಕೊಂಡು ಅಳುತ್ತಾ ಓಡಿಬಂದು ಅವಳ ಮಡಿಲು ಸೇರಿತು. ಅವತ್ತು ದಮಯಂತಿ ಎರಡು ಸಲ ಅಡುಗೆಮನೆಗೆ ಹೋಗಿ ಮುಖ ತೊಳೆದು ಬಂದಳು.

ಅಷ್ಟರಲ್ಲಿ ದಮಯಂತಿ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿ, ಊರಿಗೆ ಹೋಗುವ ಎರಡು ತಿಂಗಳ ರಜೆ ಬಂತು.

"ಮಗುವಿಗೆ ಹೇಳ್ಲಿಕ್ಕೆ ಹೋಗ್ಬೇಡಿ," ಎಂದರು ಮ್ಯಾನೇಜರ್ ಆಸ್ವಾಲ್ಡ್. "ಅದು ಶಾಲೆಗೆ ಹೋದಾಗ ಹೊರಡಿ. ಎರಡು ದಿನ ಕೂಗ್ತದೆ, ಮತ್ತೆ ಖಲಾಸ್."

ನಾವು ಯಾರೂ ಎದುರಾಡಲಿಲ್ಲ. ಗಲ್ಫಿಗೆ ಹೊರಡುವ ನಮ್ಮವರು ಮಾಡುವುದೇ ಹಾಗೆ. ಮಗುವನ್ನು ಐಸ್‌ಕ್ಯಾಂಡಿಗೆಂದು ಅಂಗಡಿಗೆ ಕಳಿಸಿ, ಹಿಂಬಾಗಿಲಿನಿಂದ ಪೆಟ್ಟಿಗೆ ಸಾಗಿಸಿ, ಟ್ಯಾಕ್ಸಿ ಹತ್ತುವುದು. ಅದನ್ನೇ ಪ್ರೀತಿ ಎಂದುಕೊಂಡ ಹೇಡಿಗಳು ನಾವು. ದಮಯಂತಿ ತನ್ನ ಮಗಳು ವಿನೋದಾಳನ್ನು ಬಿಟ್ಟು ಬಂದದ್ದೂ ಹಾಗೆಯೇ. ಬೆಳಿಗ್ಗೆ ಅಮೀನತ್‌ಳನ್ನು ಶಾಲೆಗೆ ಬಿಟ್ಟೆ, ಅದೇ ವ್ಯಾನಿನಲ್ಲಿ ದಮಯಂತಿಯನ್ನು ಸೀಬ್ ವಿಮಾನ ನಿಲ್ದಾಣಕ್ಕೆ ಬಿಟ್ಟೆ.

ಅಮೀನತ್ ಅಳಲೇ ಇಲ್ಲ. "ನೋಡಿದ್ರಾ, ಏನೂ ರಗಳೆ ಇಲ್ಲ," ಎಂದರು ಆಸ್ವಾಲ್ಡ್.

ಮೂರನೆಯ ವಾರ ಅವಳನ್ನು ವ್ಯಾನಿನಿಂದ ಇಳಿಸುವಾಗ ಅಂಗೈ ಕಂಡಿತು. ಇಸ್ತ್ರಿಪೆಟ್ಟಿಗೆ ತಾಗಿ ಎದ್ದ ಬೊಬ್ಬೆ ಒಡೆದು ಕೀವಾಗಿತ್ತು. ಎರಡು ದಿನ ಯಾರಿಗೂ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆ ಕೈಯನ್ನು ಆಸ್ವಾಲ್ಡರಿಗೆ ತೋರಿಸಿ, "ಇದಾ ನಿಮ್ಮ ಖಲಾಸ್?" ಎಂದು ಕೇಳಿದೆ. ವ್ಯಾನ್ ಓಡಿಸಿದ್ದು ನಾನೇ ಎಂಬುದು ನೆನಪಾಗಿ ನನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ದಮಯಂತಿ ಮರಳಿದಾಗ ಅಮೀನತ್, "ಗುಡ್ ಈವ್ನಿಂಗ್, ಆಂಟಿ," ಎಂದು ಹೇಳಿ, ಪೆಟ್ಟಿಗೆ ಹೊತ್ತು ತಂದ ಅಪರಿಚಿತ ಟ್ಯಾಕ್ಸಿಯವನ ಕೈ ಹಿಡಿದು ಒಳಗೆ ಹೋದಳು. ಊರಿನಲ್ಲಿ ವಿನೋದಾಳೂ ಅಜ್ಜಿಯ ಹಿಂದೆ ಅಡಗಿ, ಇವರು ಯಾರು ಎಂದು ಕೇಳಿದ್ದಳಂತೆ. ದಮಯಂತಿ ಚಪ್ಪಲಿಯನ್ನೂ ಬಿಡದೆ ನೇರ ಆಫೀಸಿಗೆ ನಡೆದಳು.

"ಇನ್ನು ಈ ಮನೆಯಿಂದ ಯಾರೂ ಮಕ್ಕಳಿಗೆ ಹೇಳದೆ ಹೋಗ್ಲಿಕ್ಕಿಲ್ಲ," ಎಂದಳು. "ಆಗುದಿಲ್ಲ ಅಂದ್ರೆ ಇವತ್ತೇ ನನ್ನ ವೀಸಾ ಕ್ಯಾನ್ಸಲ್ ಮಾಡಿ."

ಆಸ್ವಾಲ್ಡ್ ವೀಸಾ ರದ್ದು ಮಾಡಲಿಲ್ಲ. ದಮಯಂತಿ ಅಮೀನತ್‌ಳ ಮುಂದೆ ಕುಳಿತು, ನಾನು ನಿನಗೆ ಮೋಸ ಮಾಡಿದೆ ಎಂದು ಒಪ್ಪಿಕೊಂಡಳು. ಮಗು ಗೋಡೆ ನೋಡುತ್ತಿತ್ತು. ಹನ್ನೊಂದು ತಿಂಗಳಲ್ಲಿ ಗಳಿಸಿದ್ದನ್ನು ದಮಯಂತಿ ಒಂದು ಬೆಳಿಗ್ಗೆ ಕಳೆದುಕೊಂಡಿದ್ದಳು, ಮತ್ತೆ ಗಳಿಸಲು ಅವಳಿಗೆ ಒಂದೂವರೆ ವರ್ಷ ಹಿಡಿಯಿತು.

1993ರ ರಜೆಗೆ ತಿಂಗಳ ಮೊದಲೇ ದಮಯಂತಿ ಮಗುವಿಗೆ ಟಿಕೆಟ್ ತೋರಿಸಿದಳು, ಬರುವ ತಾರೀಕು ಓದಿಸಿದಳು. ಹೊರಡುವ ದಿನ ಮಗುವನ್ನೂ ಸೀಬ್‌ಗೆ ಕರೆದೊಯ್ದೆವು. ಬಾಗಿಲ ಬಳಿ ಅಮೀನತ್ ನಿಲ್ದಾಣವೇ ತಿರುಗಿ ನೋಡುವಂತೆ ಕಿರುಚಿದಳು. ದಮಯಂತಿಯ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ಜೊತೆಗೆ ಬಂದಿದ್ದ ಆಸ್ವಾಲ್ಡ್ ಎಳೆಯಲು ಹೋದರು.

"ಮುಟ್ಬೇಡಿ," ಎಂದಳು ದಮಯಂತಿ. "ನನ್ನ ಮೇಲಲ್ಲದೆ ಅವಳು ಮತ್ತೆ ಯಾರ ಮೇಲೆ ಸಿಟ್ಟು ಮಾಡ್ಬೇಕು?"

ವಾಪಸು ಬರುವ ದಾರಿಯಿಡೀ ಅಮೀನತ್ ನನ್ನ ಸೀಟಿನ ಬೆನ್ನಿಗೆ ಒದೆಯುತ್ತಾ ಅತ್ತಳು. ಅಲ್ ಗುಬ್ರಾ ಹತ್ತಿರವಾದಾಗ ಒದೆತ ನಿಂತಿತು.

"ಅವರು ಹೇಳಿದ ದಿನ ಬರ್ಲಿಲ್ಲಾಂದ್ರೆ?" ಎಂದು ಕೇಳಿದಳು.

"ಬರ್ಲಿಲ್ಲಾಂದ್ರೆ ನನ್ನನ್ನು ಕಚ್ಚು," ಎಂದೆ.

"ಕಚ್ತೇನೆ," ಎಂದಳು.