ಜಗಲಿಯ ಮೇಲಿನ ಅರಬ್ಬಿ ಹಾಡು

ನಮ್ಮ ಮನೆಯವರು ಹೇಳುವ ಕಥೆ ಇದು: ದೊಡ್ಡಪ್ಪ ಕುವೈತಿನಲ್ಲಿ ಲಾರಿ ಓಡಿಸುತ್ತಿದ್ದಾಗ ಅಲ್ಲಿನ ಶರಣೆಯೊಬ್ಬಳ ಪ್ರಾರ್ಥನೆಯ ಕ್ಯಾಸೆಟ್ಟನ್ನು ಸಿರುಗುಪ್ಪದವರೊಬ್ಬರ ಕೈಲಿ ಕಳಿಸಿದ, ಕುರುಗೋಡಿನಲ್ಲಿ ದೊಡ್ಡವ್ವ ಅದನ್ನು ಪೂಜಿಸಿದಳು, ಆ ಪುಣ್ಯದಿಂದ ಅವನು ಕ್ಷೇಮವಾಗಿ ಮರಳಿದ. ಸರಿ, ಅದು ಪ್ರಾರ್ಥನೆ ಅಂತ ಹೇಳಿದವರು ಯಾರು? ದೊಡ್ಡಪ್ಪನಂತೂ ಅಲ್ಲ. ಜೊತೆಗೊಂದು ಚೀಟಿಯೂ ಇರಲಿಲ್ಲ. ಅರಬ್ಬಿ ಅಂದಮೇಲೆ ದೇವರದ್ದೇ ಇರಬೇಕು ಎಂದು ಮನೆಯವರೇ ತೀರ್ಮಾನಿಸಿದ್ದರು.

ಯಾರ ದೇವರಾದರೇನು ಎಂದು ದೊಡ್ಡವ್ವ ಅದಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ, ನಂದಿಯ ಪಕ್ಕದಲ್ಲಿಟ್ಟಳು. ಸೋಮವಾರ ಪೂಜೆಯಾದ ಮೇಲೆ ಹಾಡು, ಹಾಡು ಮುಗಿದ ಮೇಲೆ ಊಟ. ರಜೆಗೆ ಹೋದಾಗ ಅವಳ ತೊಡೆಯ ಮೇಲೆ ಮಲಗಿ ಅರೆನಿದ್ದೆಯಲ್ಲಿ ಕೇಳುತ್ತಿದ್ದೆ. ಕಾಲುವೆಗೆ ಮೊದಲ ನೀರು ಬಿಟ್ಟ ಹಾಗೆ ಆ ದನಿ ಒಣನೆಲವನ್ನು ತಡವಿ ತಡವಿ ಬರುತ್ತಿತ್ತು. ಊದಿನಕಡ್ಡಿಯ ಹೊಗೆಯೇ ಹಾಡುತ್ತಿದೆ ಅನ್ನಿಸುತ್ತಿತ್ತು. ದೊಡ್ಡಪ್ಪ ಕಂಬಕ್ಕೊರಗಿ ತಲೆ ತಗ್ಗಿಸಿ ಕೂತಿರುತ್ತಿದ್ದ. ಭಕ್ತಿ ಅಂದುಕೊಂಡಿದ್ದೆವು.

ಕಳೆದ ವರ್ಷ ಟೇಪು ಸವೆದು ದನಿ ನಡುಗತೊಡಗಿತು. ಬಳ್ಳಾರಿಗೆ ತಂದು ರೇಡಿಯೋ ರಿಪೇರಿಯವನಿಂದ ಮೊಬೈಲಿಗೆ ಹಾಕಿಸಿದೆ. ಆಮೇಲೆ ಹುಡುಕುವುದೇನು ಕಷ್ಟ? ಹಾಡಿದವಳು ಶರಣೆಯಲ್ಲ, ಯೆಹೂದಿ ಹೆಣ್ಣುಮಗಳು. ಅರಬ್ಬಿ ಹಾಡಿನಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಅವಳ ಊರೇ ಕೊಂಡಾಡಿತ್ತು. ಮುಂದೆ ಯೆಹೂದಿ ಎಂಬ ಕಾರಣಕ್ಕೆ ಆ ಊರನ್ನೇ ಬಿಡಬೇಕಾಯಿತು. ಹೋದ ನಾಡಿನಲ್ಲಿ ಅರಬ್ಬಿ ಹಾಡು ಯಾರಿಗೂ ಬೇಕಿರಲಿಲ್ಲ, ಮದುವೆಮನೆಗಳಲ್ಲಿ ಹಾಡಿಕೊಂಡಿದ್ದಳು. ಬಿಟ್ಟುಬಂದ ಊರಿನ ಚಹಾದಂಗಡಿಗಳಲ್ಲಿ ಮಾತ್ರ ಅವಳ ದನಿ ನಿಂತಿರಲಿಲ್ಲ. ಇನ್ನು ಆ ಹಾಡು ಅಪ್ಪಟ ಪ್ರೇಮದ್ದು. ದೂರ ಇರುವವರನ್ನು ನೆನೆದು ನಿದ್ದೆಗೆಟ್ಟವರದು.

ಗೆದ್ದೆ ಅಂದುಕೊಂಡೇ ಕುರುಗೋಡಿನ ಬಸ್ಸು ಹತ್ತಿದೆ. ಸೋಮವಾರ ಹಾಡು ಮುಗಿದೊಡನೆ ಹಾಡಿದವಳು ಯಾರೆಂಬುದನ್ನೆಲ್ಲ ಹೇಳಿದೆ. ದೊಡ್ಡವ್ವ ನಕ್ಕಳು.

"ನಿನ್ನ ವಾದ ಕಾಲೇಜಿನ್ಯಾಗ ಇಟ್ಕೋ ಲೇ. ಜಗಲಿ ಮುಂದ ಬ್ಯಾಡ."

ಹಾಡಿನ ಅರ್ಥ ಓದಿ ಹೇಳಿದೆ. ಅವಳ ನಗು ನಿಂತಿತು. ಹಾಗಾದರೆ ಇವರು ನನ್ನ ಪೂಜೆಯಿಂದ ಬರಲಿಲ್ಲವೇನು ಎಂದು ಕೇಳುತ್ತಾಳೆ ಅಂದುಕೊಂಡೆ. ಅದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಅವಳು ನನ್ನತ್ತ ನೋಡಲೇ ಇಲ್ಲ. ಸೆರಗು ಸರಿಮಾಡಿಕೊಂಡು ದೊಡ್ಡಪ್ಪ ಒರಗಿದ್ದ ಕಂಬದ ಕಡೆ ತಿರುಗಿದಳು. ದೊಡ್ಡಪ್ಪನಿಗೆ ಅರಬ್ಬಿ ಚೆನ್ನಾಗಿಯೇ ಬರುತ್ತಿತ್ತು. ಇಷ್ಟು ವರ್ಷ ತುಟಿ ಬಿಚ್ಚಿರಲಿಲ್ಲ.

"ಏನ್ರೀ," ಅಂದಳು ಮೆಲ್ಲಗೆ, "ಅದನ್ನ ನನಗಂತ ಕಳ್ಸಿದ್ರೇನು?"